ಅಟ್ಟದ ಮೇಲಿನ ಚರಿತ್ರೆಗೆ ಪರಿಹಾರವುಂಟೆ?

ಹುನ್ನೂರ (ಜಮಖಂಡಿ): ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತ ಮತ್ತೆ ಚರ್ಚೆಯ ಕೇಂದ್ರಕ್ಕೆ ಬಂದಿದೆ. ಮುಳುಗಡೆಯಾಗುವ 75,563 ಎಕರೆ ಭೂಮಿಯ ಪೈಕಿ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು. ಅಂದಿನಿಂದ ಜಮಖಂಡಿ, ಬೀಳಗಿ, ಮುಧೋಳ ಸೀಮೆಯ ಕಟ್ಟೆಗಳ ಮೇಲೆ ಮಾತೆಲ್ಲ ಎಕರೆ, ಗುಂಟೆ, ದರಗಳ ಸುತ್ತಲೇ ತಿರುಗುತ್ತಿದೆ. ಇದು ಸಹಜ. ಹೊಟ್ಟೆಯ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ರೈತನಿಗೆ ಮತ್ತೊಂದಿಲ್ಲ.

ಆದರೆ ಪರಿಹಾರದ ಲೆಕ್ಕ ಹಾಕುವ ಕಾಗದವನ್ನು ಒಮ್ಮೆ ಗಮನಿಸಬೇಕು. ಅದರಲ್ಲಿ ಜಮೀನಿಗೆ ಜಾಗವಿದೆ. ಮನೆಗೆ, ಬಾವಿಗೆ, ಗಿಡಮರಗಳಿಗೆ ಜಾಗವಿದೆ. ಆ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಕಾಗದದ ಬಸ್ತಾಕ್ಕೆ ಜಾಗವಿಲ್ಲ. ಇರಲೂ ಸಾಧ್ಯವಿಲ್ಲ, ಏಕೆಂದರೆ ಅದಕ್ಕೆ ದರ ನಿಗದಿಪಡಿಸುವ ಅಧಿಕಾರಿ ಯಾವ ಇಲಾಖೆಯಲ್ಲಿಯೂ ಇಲ್ಲ. ಊರು ಸ್ಥಳಾಂತರಗೊಳ್ಳುವಾಗ ಜನರು ತೊಲೆ, ಜಂತಿ, ಬಾಗಿಲುವಾಡಗಳನ್ನು ಬಿಚ್ಚಿ ಒಯ್ಯುತ್ತಾರೆ. ಓದಲು ಬಾರದ ಲಿಪಿಯ ಕಾಗದಗಳನ್ನು ಯಾರು ಒಯ್ಯುತ್ತಾರೆ?

ಈ ಪ್ರಶ್ನೆ ಮುಳುಗುವ ಊರುಗಳಿಗೆ ಮಾತ್ರ ಸೀಮಿತವಲ್ಲ. ಹುನ್ನೂರದಂಥ ಊರುಗಳಲ್ಲಿಯೂ ಮಣ್ಣಿನ ಮಾಳಿಗೆಯ ಮನೆಗಳು ಒಂದೊಂದಾಗಿ ಉರುಳಿ ಆರ್‌ಸಿಸಿ ಮನೆಗಳು ಏಳುತ್ತಿವೆ. ನೀರು ಮಾಡುವ ಕೆಲಸವನ್ನು ಇಲ್ಲಿ ಸಿಮೆಂಟು ಮಾಡುತ್ತಿದೆ. ಅಟ್ಟ ಖಾಲಿ ಮಾಡುವ ದಿನ ಹಳೆಯ ತಾಮ್ರದ ಹಂಡೆ ಬೋಗಾರರ ಅಂಗಡಿಗೂ, ಹಳೆಯ ಕಾಗದ ರದ್ದಿಯ ತಕ್ಕಡಿಗೂ ಹೋಗುತ್ತದೆ. 2019 ಮತ್ತು 2021ರ ನೆರೆಯಲ್ಲಿ ಕೃಷ್ಣಾ, ಘಟಪ್ರಭಾ ತೀರದ ಮನೆಗಳಿಗೆ ನೀರು ಹೊಕ್ಕಾಗ ಹೀಗೆ ಹೋದದ್ದು ಎಷ್ಟೆಂಬುದರ ಲೆಕ್ಕ ಯಾರ ಬಳಿಯೂ ಇಲ್ಲ. ಇತ್ತೆಂಬುದರ ಪಟ್ಟಿಯೇ ಇಲ್ಲದಿರುವಾಗ ಹೋಯಿತೆಂಬುದನ್ನು ಬರೆಯುವುದಾದರೂ ಹೇಗೆ?

ಬಸ್ತಾದಲ್ಲಿ ಏನಿದೆ?

ಸ್ಥಳೀಯ ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಾಸನ, ವೀರಗಲ್ಲು, ಗುಡಿಗೋಪುರ. ಹತ್ತನೆಯ ಶತಮಾನದ ಮಹಾಕವಿ ರನ್ನನು ಮುಧೋಳದವನೆಂಬ ಹೆಮ್ಮೆ ಈ ಭಾಗದ ಪ್ರತಿಯೊಬ್ಬರಲ್ಲಿಯೂ ಇದೆ. ಅದು ಇರಬೇಕಾದದ್ದೇ. ಆದರೆ ರನ್ನನ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಸಾವಿರ ವರ್ಷಗಳ ಬದುಕು ನಡೆದಿದೆ. ಅದರ ಕಡೆಯ ಇನ್ನೂರು ವರ್ಷಗಳ ಸಾಕ್ಷ್ಯ ಹೆಚ್ಚಾಗಿ ಇರುವುದು ಕಲ್ಲಿನಲ್ಲಲ್ಲ, ಕಾಗದದಲ್ಲಿ. ಅದೂ ಸರಕಾರಿ ಕಪಾಟಿನಲ್ಲಲ್ಲ, ಮನೆಗಳಲ್ಲಿ.

ವತನದಾರ ಗೌಡ, ಕುಲಕರ್ಣಿ ಮನೆತನಗಳಲ್ಲಿ ಸನದು, ಇನಾಮು ಪತ್ರ, ಕರಾರು ಪತ್ರ, ಊರಿನ ಲಾವಣಿ ಲೆಕ್ಕಗಳು. ವ್ಯಾಪಾರಸ್ಥರ ಮನೆಗಳಲ್ಲಿ ತಲೆಮಾರುಗಳ ಕೀರ್ದಿ, ಖತಾವಣಿ; ಯಾವ ವರ್ಷ ಜೋಳದ ಧಾರಣೆ ಏನಿತ್ತು, ಬರ ಬಿದ್ದಾಗ ಯಾರು ಯಾರಿಗೆ ಕಾಳು ಕೊಟ್ಟರು ಎಂಬುದನ್ನು ಇವಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ಮತ್ತೊಂದಿಲ್ಲ. ರಬಕವಿ, ಬನಹಟ್ಟಿಯ ನೇಕಾರರ ಮನೆಗಳಲ್ಲಿ ಸೆರಗು, ಅಂಚುಗಳ ನಮೂನೆಗಳು, ಮಗ್ಗದ ಲೆಕ್ಕದ ಪುಸ್ತಕಗಳು, ನೇಕಾರ ಸಹಕಾರಿ ಸಂಘಗಳ ಠರಾವು ಪುಸ್ತಕಗಳು. ಮಠಗಳಲ್ಲಿ ತಾಡೋಲೆ ಕಟ್ಟುಗಳು. ಭಜನಾ ಮೇಳ, ಗೀಗೀ ಮೇಳ, ಶ್ರೀಕೃಷ್ಣ ಪಾರಿಜಾತ, ಸಣ್ಣಾಟದ ಕಲಾವಿದರಲ್ಲಿ ಕೈಬರಹದ ಹಾಡಿನ ವಹಿಗಳು. ಎತ್ತಿನ ಮೇಲೆ ಕುಳಿತು ಊರೂರು ತಿರುಗುವ ಹೆಳವರ ಬಳಿ ಮನೆತನಗಳ ವಂಶಾವಳಿ. ಇವುಗಳಿಗೆ ಹಳೆಯ ಭಾವಚಿತ್ರ, ಲಗ್ನಪತ್ರಿಕೆ, ನಾಟಕದ ಕರಪತ್ರ, ಗ್ರಾಮಾಫೋನ್ ತಟ್ಟೆಗಳನ್ನೂ ಸೇರಿಸಬೇಕು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಹೆಸರಾದ ಅಮೀರಬಾಯಿ ಕರ್ನಾಟಕಿ ಬೀಳಗಿಯ ಮಗಳು. ಆಕೆಯ ಬದುಕನ್ನು ಕುರಿತು ರಹಮತ್ ತರೀಕೆರೆಯವರು ಪುಸ್ತಕ ಬರೆದರು. ಆದರೆ ಅಂಥ ಕಲಾವಿದೆಯ ಹಾಡಿನ ತಟ್ಟೆಗಳನ್ನೂ ಪತ್ರಗಳನ್ನೂ ಆಕೆಯ ಹುಟ್ಟೂರಿನ ಸೀಮೆಯವರೇ ಸೇರಿಸಿ ಕಾಪಾಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ನಾಲ್ಕು ಆಡಳಿತ, ಚದುರಿದ ದಫ್ತರ

ಈ ಭಾಗದ ಕಾಗದಗಳ ಸ್ಥಿತಿ ಉಳಿದ ಜಿಲ್ಲೆಗಳಿಗಿಂತ ಜಟಿಲವಾಗಿರಲು ಒಂದು ಐತಿಹಾಸಿಕ ಕಾರಣವಿದೆ. ಇಂದು ಒಂದೇ ಜಿಲ್ಲೆಯಲ್ಲಿರುವ ಈ ತಾಲೂಕುಗಳು ಸ್ವಾತಂತ್ರ್ಯದವರೆಗೆ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ದೂರದ ಕುಂದಗೋಳವೂ ಅದಕ್ಕೆ ಸೇರಿತ್ತು. ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ; ಮಹಾಲಿಂಗಪುರ ಅದರ ಪಟ್ಟಣ. ತೇರದಾಳ, ರಬಕವಿಗಳು ಪಟವರ್ಧನರ ಮತ್ತೊಂದು ಶಾಖೆಯ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಮಗ್ಗುಲಲ್ಲೇ ಇರುವ ಬನಹಟ್ಟಿ ಜಮಖಂಡಿಗೆ. ಬೀಳಗಿ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. ಇಂದು ಒಂದೇ ನಗರಸಭೆಯ ಹೆಸರಿನಲ್ಲಿ ಜೋಡಿಯಾಗಿರುವ ರಬಕವಿ ಮತ್ತು ಬನಹಟ್ಟಿ ಅಂದು ಎರಡು ಸಂಸ್ಥಾನಗಳ ಊರುಗಳಾಗಿದ್ದವು ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ಅಚ್ಚರಿ ತರಬಹುದು.

1948ರ ಮಾರ್ಚ್ 8ರಂದು ಈ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಬಳಿಕ ಬಿಜಾಪುರ ಜಿಲ್ಲೆ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. 1997ರ ಆಗಸ್ಟ್ 15ರಿಂದ ಬಾಗಲಕೋಟೆ ಜಿಲ್ಲೆ. ಇತ್ತೀಚಿನ ವರ್ಷಗಳಲ್ಲಿ ಹೊಸ ತಾಲೂಕುಗಳು. ಅರ್ಧ ಶತಮಾನದಲ್ಲಿ ಆಡಳಿತದ ಗಡಿ ಇಷ್ಟು ಬಾರಿ ಬದಲಾದ ಸೀಮೆಯಲ್ಲಿ ಒಂದೇ ಊರಿನ ಹಿಂದಿನ ಕಾಗದ ಹುಡುಕಬೇಕಾದವನು ಇಂದಿನ ಜಿಲ್ಲಾಡಳಿತದ ಬಾಗಿಲಿಗಷ್ಟೇ ಹೋದರೆ ಸಾಲದು. ಸಾಂಗಲಿ, ಮೀರಜ, ಪುಣೆ, ಮುಂಬಯಿಗಳ ಕಡೆಗೂ ಮುಖ ಮಾಡಬೇಕು.

ಇದಕ್ಕೆ ಲಿಪಿಯ ತೊಡಕೂ ಸೇರಿದೆ. ಸಂಸ್ಥಾನಗಳ ದಫ್ತರ ಬಹುಪಾಲು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಮನೆಮಾತು ಕನ್ನಡ, ದಫ್ತರದ ಮಾತು ಮರಾಠಿ. ಮೋಡಿ ಶಾಲೆಯ ಪಾಠದಿಂದ ಹೊರಬಿದ್ದ ಮೇಲೆ ಅದನ್ನು ಸರಾಗವಾಗಿ ಓದುವವರ ತಲೆಮಾರು ಮುಗಿಯುತ್ತ ಬಂದಿದೆ. ಅಜ್ಜ ಬರೆದದ್ದನ್ನು ಮೊಮ್ಮಗ ಓದಲಾರ. ಓದಲಾಗದ ಕಾಗದ ಮನೆಗೆ ಭಾರವಾಗುತ್ತದೆ. ಅದನ್ನು ಹೊರಹಾಕಿದವರನ್ನು ದೂರುವುದು ನ್ಯಾಯವಲ್ಲ.

ಉಳಿದದ್ದು ಹೇಗೆ ಉಳಿಯಿತು?

ಹಾಗಿದ್ದರೆ ಈ ಸೀಮೆಯ ಚರಿತ್ರೆಯಲ್ಲಿ ಉಳಿದದ್ದು ಯಾವುದು, ಹೇಗೆ ಉಳಿಯಿತು ಎಂಬುದನ್ನು ಪರಿಶೀಲಿಸುವುದು ಅಗತ್ಯ. ನಾಲ್ಕು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ಹಲಗಲಿಯದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರ ಕಥೆ ಕರ್ನಾಟಕದ ಶಾಲಾ ಮಕ್ಕಳಿಗೂ ಗೊತ್ತು. ಸರಕಾರಿ ಕಡತದಲ್ಲಿ ಅದು ಅಡಗಿಸಲಾದ ಒಂದು ದಂಗೆ. ಜನರ ನೆನಪಿನಲ್ಲಿ ಅದು ಲಾವಣಿಯಾಗಿ ಉಳಿಯಿತು. ಆ ಲಾವಣಿ ಅಚ್ಚಿಗೆ ಬಂದದ್ದು 1880ರ ದಶಕದಲ್ಲಿ, ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದಾಗ. ಯಾವ ಆಡಳಿತದ ವಿರುದ್ಧ ಹಲಗಲಿ ಸೆಟೆದು ನಿಂತಿತೋ ಅದೇ ಆಡಳಿತದ ಅಧಿಕಾರಿಯೊಬ್ಬ ಅದರ ಹಾಡನ್ನು ಬರೆದಿಟ್ಟುಕೊಂಡ ಎಂಬುದು ನಾವು ಯೋಚಿಸಬೇಕಾದ ವಿಷಯ.

ಎರಡನೆಯದು ತೇರದಾಳದ್ದು. ಅಲ್ಲಿನ ನೇಮಿನಾಥ ಬಸದಿಯ ಹನ್ನೆರಡನೆಯ ಶತಮಾನದ ಶಾಸನವನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವನೂ ಇದೇ ಫ್ಲೀಟ್. ಕಲ್ಲಾದ್ದರಿಂದ ಅದು ಇದ್ದಲ್ಲಿಯೇ ಉಳಿಯಿತು. ಅಚ್ಚಾದ್ದರಿಂದ ಜಗತ್ತಿಗೆ ತಿಳಿಯಿತು. ಕಾಗದಕ್ಕೆ ಕಲ್ಲಿನ ಆಯುಷ್ಯವಿಲ್ಲ.

ಮೂರನೆಯದು ಪಟವರ್ಧನರ ಪತ್ರಗಳದು. ಮೀರಜಿನ ಶಾಲಾ ಶಿಕ್ಷಕ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನ ಮನೆತನದ ದಫ್ತರದ ಸಹಸ್ರಾರು ಪತ್ರಗಳನ್ನು ಓದಿ, ಆಯ್ದು, 1897ರಿಂದ ‘ಐತಿಹಾಸಿಕ ಲೇಖ ಸಂಗ್ರಹ’ ಎಂಬ ಸಂಪುಟಗಳಾಗಿ ಪ್ರಕಟಿಸುತ್ತ ಹೋದರು. 1924ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಬದುಕಾಯಿತು. ಹೈದರ್, ಟಿಪ್ಪು, ಪೇಶವೆಯರ ಕಾಲದ ಉತ್ತರ ಕರ್ನಾಟಕವನ್ನು ಅರಿಯಲು ಇಂದಿಗೂ ಆ ಸಂಪುಟಗಳು ಬೇಕು. ಅರಮನೆಯ ದಫ್ತರವನ್ನು ಚರಿತ್ರೆಯಾಗಿಸಿದ್ದು ಅರಸನಲ್ಲ, ಒಬ್ಬ ಶಿಕ್ಷಕ.

ನಾಲ್ಕನೆಯದು ನಮ್ಮ ಮನೆಯ ಅಂಗಳದ್ದೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ.ಗು. ಹಳಕಟ್ಟಿಯವರಿಗೆ ವಚನಗಳ ತಾಡೋಲೆಗಳು ಕಣ್ಣಿಗೆ ಬಿದ್ದದ್ದು ಬನಹಟ್ಟಿಯ ಮಂಚಾಲಿ ಮನೆತನದಲ್ಲಿ ಎಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಆ ಕಟ್ಟುಗಳ ಬೆನ್ನು ಹತ್ತಿ ಊರೂರು ಅಲೆದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಇದಕ್ಕಾಗಿ ಅವರು ಮನೆಯನ್ನೇ ಮಾರಿದರೆಂಬುದನ್ನು ಈ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಇಂದು ವಿಧಾನಸೌಧದಿಂದ ವಿದೇಶದ ಸಭೆಗಳವರೆಗೆ ವಚನಗಳನ್ನು ಉದ್ಧರಿಸಲಾಗುತ್ತದೆ. ಅದರ ಒಂದು ಬೇರು ಬನಹಟ್ಟಿಯ ಮನೆಯೊಂದರ ಓಲೆಗಟ್ಟಿನಲ್ಲಿದೆ. ಆ ಮನೆಯವರು ಪೀಳಿಗೆಗಳಿಂದ ಅದನ್ನು ಕಾಪಾಡಿಕೊಂಡು ಬಂದಿರದಿದ್ದರೆ? ಹಳಕಟ್ಟಿಯವರು ಆ ಬಾಗಿಲಿಗೆ ಹೋಗಿರದಿದ್ದರೆ?

ಈ ನಾಲ್ಕೂ ನಿದರ್ಶನಗಳಿಂದ ಒಂದು ಮಾತು ಸ್ಪಷ್ಟ. ನಮ್ಮ ಸೀಮೆಯ ಚರಿತ್ರೆ ಉಳಿದದ್ದು ಯಾರೋ ಒಬ್ಬರು ಸಕಾಲದಲ್ಲಿ ಬಾಗಿಲು ತಟ್ಟಿದ್ದರಿಂದ. ಇನ್ನೊಂದು ಮಾತೂ ಅಷ್ಟೇ ಸ್ಪಷ್ಟ. ತಟ್ಟಿದವರು ಹೊರಗಿನಿಂದ ಬಂದವರು ಅಥವಾ ಹೊರಗೆ ನೆಲೆಸಿದವರು. ಸಂಗ್ರಹ ಬೆಳೆದದ್ದೂ ಅಚ್ಚಾದದ್ದೂ ಹೊರಗೆ. ಊರಿನಲ್ಲಿಯೇ, ಊರಿನವರಿಂದಲೇ ನಡೆಯುವ ಸಂಗ್ರಹ ಇಲ್ಲಿ ಬೇರೂರಲಿಲ್ಲ.

ಸರಕಾರದ ಕೈ ಎಲ್ಲಿಯವರೆಗೆ?

ರಾಜ್ಯ ಪತ್ರಾಗಾರ ಇಲಾಖೆ ಇದೆಯಲ್ಲ, ಅದು ಮಾಡಬಾರದೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಪತ್ರಾಗಾರದ ಮೂಲ ಹೊಣೆ ಸರಕಾರಿ ಕಡತಗಳದು. 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ ಕೂಡ ಹೆಸರೇ ಹೇಳುವಂತೆ ಸಾರ್ವಜನಿಕ ದಾಖಲೆಗಳಿಗೆ ಸಂಬಂಧಿಸಿದ್ದು. ಖಾಸಗಿ ಮನೆಯ ಕೀರ್ದಿ ಪುಸ್ತಕಕ್ಕಾಗಿ ಅಧಿಕಾರಿಯೊಬ್ಬರು ಊರೂರು ತಿರುಗುವ ವ್ಯವಸ್ಥೆ ಅಲ್ಲಿಲ್ಲ.

ಕೇಂದ್ರ ಸರಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ‘ಜ್ಞಾನ ಭಾರತಂ’ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಯೋಜನೆ ಪ್ರಕಟವಾಯಿತು. ಇದು ಸ್ವಾಗತಾರ್ಹ. ಆದರೆ ಇಂಥ ಯೋಜನೆಗಳ ಮುಖ್ಯ ಗಮನ ಶಾಸ್ತ್ರ, ಕಾವ್ಯ, ವೈದ್ಯ, ಜ್ಯೋತಿಷ ಗ್ರಂಥಗಳ ಕಡೆಗೆ. ಮಠದ ತಾಡೋಲೆಗೆ ಅಲ್ಲಿ ಮನ್ನಣೆ ದೊರೆಯಬಹುದು. ನೇಕಾರ ಸಂಘದ ಠರಾವು ಪುಸ್ತಕಕ್ಕೆ, ಗೀಗೀ ಮೇಳದ ಹಾಡಿನ ವಹಿಗೆ, 1950ರ ದಶಕದ ಶಾಲಾ ಹಾಜರಿಗೆ ದೊರೆಯುವುದು ಕಷ್ಟ. ಅಂದರೆ ಸರಕಾರದ ಜಾಲದ ಕಣ್ಣು ದೊಡ್ಡದು. ಸಣ್ಣ ಮೀನು ಅದರಿಂದ ನುಸುಳಿ ಹೋಗುತ್ತದೆ. ಊರಿನ ಚರಿತ್ರೆ ಎಂದರೆ ಈ ಸಣ್ಣ ಮೀನುಗಳೇ.

ಸಂಘ ಏಕೆ ಬೇಕು?

ಈ ಅಂತರವನ್ನು ತುಂಬಬಲ್ಲದ್ದು ಸಮುದಾಯದ ಇತಿಹಾಸ ಸಂಘ. ಇದು ಹೊಸ ಕಲ್ಪನೆಯಲ್ಲ. 1910ರಲ್ಲಿ ವಿ.ಕಾ. ರಾಜವಾಡೆ ಮೊದಲಾದವರು ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದರು. ಸದಸ್ಯರು ಮನೆಮನೆ ಅಲೆದು ತಂದ ಕಾಗದಗಳಿಂದ ಬೆಳೆದ ಅದರ ಸಂಗ್ರಹದಲ್ಲಿ ಇಂದು ಲಕ್ಷಾಂತರ ದಾಖಲೆಗಳಿವೆ. ಕರ್ನಾಟಕದಲ್ಲಿಯೂ ಆಲೂರು ವೆಂಕಟರಾಯರು 1914ರ ಸುಮಾರಿಗೆ ಧಾರವಾಡದಲ್ಲಿ ಇತಿಹಾಸ ಮಂಡಳದ ಕೆಲಸಕ್ಕೆ ಕೈಹಾಕಿದ್ದರು. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಕೃತಿಗಳನ್ನು ಕನ್ನಡಕ್ಕೆ ತರುವ ದೊಡ್ಡ ಯೋಜನೆಯನ್ನು ಕೈಗೊಂಡಿತು, ಡಾ. ಎಂ.ಎಂ. ಕಲಬುರ್ಗಿಯವರು 2015ರಲ್ಲಿ ಹತ್ಯೆಯಾಗುವವರೆಗೆ ಅದರಲ್ಲಿ ತೊಡಗಿದ್ದರು. ದೊಡ್ಡ ನಗರಗಳಲ್ಲಿ ಸಾಧ್ಯವಾದದ್ದು ಸಣ್ಣ ಪ್ರಮಾಣದಲ್ಲಿ ತಾಲೂಕಿನಲ್ಲಿ ಏಕೆ ಸಾಧ್ಯವಾಗಬಾರದು?

ಸಂಘ ಎಂದೊಡನೆ ನಿವೇಶನ, ಕಟ್ಟಡ, ಶಿಲಾನ್ಯಾಸ, ಅನುದಾನಗಳ ಮಾತು ಮೊದಲಾಗುವುದು ನಮ್ಮ ರೂಢಿ. ವಾಸ್ತವವಾಗಿ ಮೊದಲು ಬೇಕಾದದ್ದು ಕಟ್ಟಡವಲ್ಲ, ಒಂದು ದಾಖಲೆ ಪುಸ್ತಕ. ವಸ್ತು ಯಾವುದು, ಯಾವ ಊರಿನದು, ಯಾರ ಮನೆಯಲ್ಲಿ ಎಲ್ಲಿ ಸಿಕ್ಕಿತು, ಎಂದು ಬಂತು, ಯಾವ ಸ್ಥಿತಿಯಲ್ಲಿದೆ, ಕೊಟ್ಟವರ ಷರತ್ತು ಏನು ಎಂಬುದನ್ನು ಕ್ರಮಸಂಖ್ಯೆಯೊಡನೆ ಬರೆದಿಡುವ ಪುಸ್ತಕ. ಇದಿಲ್ಲದ ಸಂಗ್ರಹ ಹಳೆಯ ಸಾಮಾನಿನ ಕೋಣೆಯಾಗುತ್ತದೆ.

ದಾಖಲೆ ಪುಸ್ತಕದ ಬೆಲೆ ಎಷ್ಟೆಂಬುದನ್ನು ಮುಧೋಳದ ಫರ್ಮಾನುಗಳೇ ತೋರಿಸುತ್ತವೆ. ಘೋರ್ಪಡೆ ಮನೆತನದಲ್ಲಿದ್ದ ಪಾರಸಿ ಫರ್ಮಾನುಗಳನ್ನು ಆಧರಿಸಿ ದ.ವಿ. ಆಪಟೆಯವರು 1934ರಲ್ಲಿ ಮರಾಠಿಯಲ್ಲಿ ಮುಧೋಳದ ಘೋರ್ಪಡೆ ಮನೆತನದ ಇತಿಹಾಸವನ್ನು ಪ್ರಕಟಿಸಿದರು. ಭೋಸಲೆ ಮನೆತನದ ಮೂಲದ ಚರ್ಚೆಯಲ್ಲಿಯೂ ಅವು ಪ್ರಮಾಣಗಳಾದವು. ಆದರೆ ಅವುಗಳಲ್ಲಿ ಕೆಲವು ಅಸಲಿಯೇ ಎಂದು ಇತಿಹಾಸಕಾರರು ಪ್ರಶ್ನಿಸಿದರು. ಆ ವಾದದಲ್ಲಿ ಯಾರು ಸರಿ ಎಂಬುದು ವಿದ್ವಾಂಸರಿಗೆ ಬಿಟ್ಟ ವಿಷಯ. ನಮಗಿರುವ ಪಾಠ ಬೇರೆ. ಕಾಗದವೊಂದು ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಬರೆದಿಲ್ಲದಿದ್ದರೆ ಅರಮನೆಯ ಕಾಗದವನ್ನೂ ಜಗತ್ತು ಸಂಶಯದಿಂದ ನೋಡುತ್ತದೆ. ಹಳ್ಳಿಯ ಮನೆಯ ಕಾಗದದ ಪಾಡೇನು?

ಅಳುಕು, ಆಕ್ಷೇಪ

ಇಂಥ ಪ್ರಯತ್ನಕ್ಕೆ ಜನರು ತಟ್ಟನೆ ಸ್ಪಂದಿಸುವರೆಂದು ನಂಬುವುದು ಭೋಳೆತನ. ಅವರ ಅಳುಕಿಗೆ ಕಾರಣಗಳಿವೆ.

ಮೊದಲನೆಯದು ಜಮೀನಿನ ಭಯ. 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ, 1974ರ ಭೂಸುಧಾರಣೆ ಇವುಗಳ ಬಳಿಕ ಹಳೆಯ ಪತ್ರಗಳಲ್ಲಿ ಬಹಳಷ್ಟು ಕಾನೂನಿನ ಬಲ ಕಳೆದುಕೊಂಡವು. ಆದರೂ ಕಾಗದ ಹೊರಬಿದ್ದರೆ ದಾಯಾದಿ ವ್ಯಾಜ್ಯ ಹುಟ್ಟೀತು, ಯಾರೋ ಹಕ್ಕು ಕೇಳಿಯಾರು ಎಂಬ ಅಂಜಿಕೆ ಮನೆಗಳಲ್ಲಿ ಉಳಿದಿದೆ. ಪರಿಹಾರದ ಹಣ ಬರುವ ಕಾಲದಲ್ಲಿ ಈ ಅಂಜಿಕೆ ಇನ್ನೂ ಬಲಿಯುತ್ತದೆ. ಆದ್ದರಿಂದ ಜಮೀನಿನ ಕಾಗದಗಳನ್ನು ಮನೆಯವರು ಹೇಳಿದಷ್ಟು ವರ್ಷ ಯಾರಿಗೂ ತೋರಿಸದಿರುವ ಲಿಖಿತ ಭರವಸೆಯನ್ನು ಸಂಘ ಕೊಡಬೇಕಾಗುತ್ತದೆ.

ಎರಡನೆಯದು ವಿಶ್ವಾಸದ ಪ್ರಶ್ನೆ. ಸಂಶೋಧನೆಗೆಂದು ಒಯ್ದ ಓಲೆ ಹಿಂತಿರುಗಲಿಲ್ಲ, ಫೋಟೋ ಒಯ್ದವರು ಮತ್ತೆ ಮುಖ ತೋರಿಸಲಿಲ್ಲ ಎಂಬ ದೂರನ್ನು ಹಳ್ಳಿಗಳಲ್ಲಿ ಕೇಳದವರಿಲ್ಲ. ಇದಕ್ಕೆ ಉತ್ತರವಿದೆ. ಇಂದು ಮೂಲ ಕಾಗದವನ್ನು ಮನೆಯಿಂದ ಕದಲಿಸದೆಯೇ ಪಡಸಾಲೆಯಲ್ಲಿ ಕುಳಿತು ಹಗಲ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆಯಬಹುದು. ಒಂದು ಪ್ರತಿ ಸಂಘಕ್ಕೆ, ಒಂದು ಪ್ರತಿ ಮನೆಯವರಿಗೆ, ಒಂದು ಪ್ರತಿ ದೂರದ ಬೇರೊಂದು ಸಂಸ್ಥೆಗೆ. ಮೂಲವನ್ನು ಇಟ್ಟುಕೊಳ್ಳುವ, ಕೊಡುವ, ಕೊಟ್ಟು ಮರಳಿ ಕೇಳುವ ಹಕ್ಕು ಮನೆಯವರದೇ. ಮಾರಾಟದ ಆಮಿಷ ಒಡ್ಡುವವರ ಬಗೆಗೆ ಎಚ್ಚರವೂ ಬೇಕು. 75 ವರ್ಷ ಮೀರಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಸಾಗಿಸುವುದು ಅಪರಾಧ.

ಮೂರನೆಯದು ಸಂಘಗಳ ಆಯುಷ್ಯ. ನಮ್ಮಲ್ಲಿ ಸಂಘ ಹುಟ್ಟುವುದು ಒಬ್ಬ ಉತ್ಸಾಹಿ ನಿವೃತ್ತ ಮಾಸ್ತರರಿಂದ, ಮುಗಿಯುವುದೂ ಅವರೊಡನೆಯೇ. ಅವರ ನಂತರ ಸಂಗ್ರಹ ಯಾರ ಮನೆಯ ಸ್ವತ್ತು ಎಂಬ ಜಗಳ ಉಳಿಯುತ್ತದೆ. 1960ರ ಸಂಘಗಳ ನೋಂದಣಿ ಅಧಿನಿಯಮದ ಅಡಿಯಲ್ಲಿ ನೋಂದಾಯಿಸಿ, ಸಂಘ ನಿಂತುಹೋದರೆ ಸಂಗ್ರಹ ಯಾವ ಕಾಲೇಜಿಗೆ ಅಥವಾ ಪತ್ರಾಗಾರಕ್ಕೆ ಸೇರಬೇಕೆಂಬುದನ್ನು ಮೊದಲ ದಿನವೇ ನಿಯಮಾವಳಿಯಲ್ಲಿ ಬರೆಯುವುದೊಂದೇ ಇದಕ್ಕೆ ಮದ್ದು.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಯಾರ ಚರಿತ್ರೆ? ಕಾಗದ ಇರುವುದು ಓದುಬರಹ ಇದ್ದ, ಜಮೀನು ಇದ್ದ ಮನೆಗಳಲ್ಲಿ. ಅಷ್ಟನ್ನೇ ಸಂಗ್ರಹಿಸಿದರೆ ಊರಿನ ಚರಿತ್ರೆ ವಾಡೆಯ ಚರಿತ್ರೆಯಾಗಿ ಉಳಿಯುತ್ತದೆ. ಕೇರಿಯ ಹೆಣ್ಣುಮಗಳ ಬೀಸುವ ಪದ, ಮಗ್ಗದ ಕೂಲಿಕಾರನ ನೆನಪು, ಬರಗಾಲದಲ್ಲಿ ಗುಳೇ ಹೋದವರ ಕಥೆ ಯಾವ ಬಸ್ತಾದಲ್ಲಿಯೂ ಸಿಗುವುದಿಲ್ಲ. ಹಲಗಲಿಯ ಲಾವಣಿ ಕಲಿಸಿದ ಪಾಠವೇ ಇದು. ಕಾಗದದಷ್ಟೇ ಮಾತನ್ನೂ ಧ್ವನಿಮುದ್ರಿಸಿ ಅದೇ ದಾಖಲೆ ಪುಸ್ತಕದಲ್ಲಿ ಅದೇ ಕ್ರಮಸಂಖ್ಯೆಯ ಮರ್ಯಾದೆ ಕೊಟ್ಟು ಸೇರಿಸದಿದ್ದರೆ ಸಂಘ ಅರ್ಧ ಕೆಲಸ ಮಾಡಿದಂತೆ.

ಈಗ ಮಾಡಬೇಕಾದದ್ದು

ಗೇಟು ಎತ್ತರಿಸುವ ವಿಷಯದಲ್ಲಿ ನೆರೆ ರಾಜ್ಯಗಳ ಆಕ್ಷೇಪವಿದೆ. ನ್ಯಾಯಾಲಯದ ವ್ಯಾಜ್ಯ ತನ್ನ ದಾರಿ ಹಿಡಿಯುತ್ತದೆ. ಆದರೆ ಪರಿಹಾರ ಕೈಗೆ ಬಂದ ಕುಟುಂಬ ನೀರು ಬರುವವರೆಗೆ ಹಳೆಯ ಮನೆಯಲ್ಲಿ ಕಾಯುವುದಿಲ್ಲ. ಅದು ಮನೆ ಬಿಡುವ ದಿನವೇ ಅಟ್ಟ ಖಾಲಿಯಾಗುವ ದಿನ. ಮೊದಲ ಹಂತಗಳಲ್ಲಿ ಬಾಗಲಕೋಟೆಯ ಹಳೆಯ ಪಟ್ಟಣದ ಭಾಗಗಳೂ ಸುತ್ತಲಿನ ಹಳ್ಳಿಗಳೂ ಬರಿದಾದಾಗ ಮನೆಮನೆಯ ಕಾಗದಗಳ ಪಟ್ಟಿ ಮಾಡುವ ಕೆಲಸ ನಡೆಯಲಿಲ್ಲ. ಆ ತಪ್ಪು ಮರುಕಳಿಸಬಾರದು.

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಪದವಿ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೊಂದು ತಂಡವಾಗಿ ಮನೆಗಳ ಪಟ್ಟಿ ಮಾಡಬಹುದು. ಮೋಡಿ ಓದಬಲ್ಲ ಹಿರಿಯರು ಇನ್ನೂ ಇದ್ದಲ್ಲಿ ಅವರಿಂದ ಹತ್ತು ಮಂದಿ ಯುವಕರಿಗಾದರೂ ಆ ಲಿಪಿಯನ್ನು ಕಲಿಸಬೇಕು; ಇದು ಎಲ್ಲಕ್ಕಿಂತ ತುರ್ತಿನ ಕೆಲಸ. ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಒಂದು ಒಣ ಕೋಣೆ, ಗೆದ್ದಲು ಹತ್ತದ ಉಕ್ಕಿನ ಕಪಾಟು, ಹತ್ತಿಯ ಬಟ್ಟೆ, ಒಂದು ದಪ್ಪ ರಿಜಿಸ್ಟರು ಆರಂಭಕ್ಕೆ ಸಾಕು. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚುವ, ಲ್ಯಾಮಿನೇಶನ್ ಮಾಡಿಸುವ ಅತ್ಯುತ್ಸಾಹ ಮಾತ್ರ ಬೇಡ. ಅವೆರಡೂ ಕಾಲಕ್ರಮದಲ್ಲಿ ಕಾಗದವನ್ನು ತಿನ್ನುತ್ತವೆ. ಪುನರ್ವಸತಿ ಇಲಾಖೆ ಮನೆಗಳ ಸಮೀಕ್ಷೆಯ ನಮೂನೆಯಲ್ಲಿ ‘ಮನೆಯಲ್ಲಿ ಹಳೆಯ ಕಾಗದ, ಓಲೆ, ಭಾವಚಿತ್ರಗಳಿವೆಯೆ?’ ಎಂಬ ಒಂದು ಸಾಲು ಸೇರಿಸಿದರೆ ಸಾಕು, ಎಲ್ಲಿಗೆ ಹೋಗಬೇಕೆಂಬುದು ಸಂಗ್ರಹಿಸುವವರಿಗೆ ತಿಳಿಯುತ್ತದೆ. ಇಂಥ ಸಾಲಿಗೆ ಪರಿಹಾರದ ಹೊರೆಯೂ ಇಲ್ಲ.

ಜಮೀನಿಗೆ ದರ ನಿಗದಿಯಾಗಿದೆ. ಅದು ಸಾಕೆ, ಸಾಲದೆ ಎಂಬ ಚರ್ಚೆ ಮುಂದುವರಿಯಲಿ. ಆದರೆ ಮುಳುಗಿದ ಊರಿನವನ ಮೊಮ್ಮಗ ಪುನರ್ವಸತಿ ಕೇಂದ್ರದಲ್ಲಿ ಹುಟ್ಟಿ ಬೆಳೆದು, ‘ನಮ್ಮ ಊರು ಹೇಗಿತ್ತು, ನಮ್ಮವರು ಯಾರು’ ಎಂದು ಕೇಳುವ ದಿನ ಬಂದೇ ಬರುತ್ತದೆ. ಆ ದಿನ ಅವನಿಗೆ ತೋರಿಸಲು ಪರಿಹಾರದ ಚೆಕ್ಕಿನ ಪ್ರತಿಯೊಂದೇ ಉಳಿದಿರಬಾರದು. ಬನಹಟ್ಟಿಯ ಮನೆಯೊಂದು ಓಲೆಗಟ್ಟನ್ನು ಜೋಪಾನವಾಗಿಟ್ಟು ಕನ್ನಡಕ್ಕೆ ಏನು ಕೊಟ್ಟಿತೆಂಬುದು ನಮಗೆ ಗೊತ್ತಿದೆ. ಹುನ್ನೂರದ, ಹಲಗಲಿಯ, ಬೀಳಗಿಯ ಅಟ್ಟಗಳಲ್ಲಿ ಏನಿದೆ ಎಂಬುದು ಗೊತ್ತಾಗಬೇಕಾದರೆ ಏಣಿ ಹಾಕಿ ಹತ್ತಬೇಕಾದವರು ಆಯಾ ಊರಿನವರೇ.